ರಾಜೀವನಗರದಲ್ಲಿ ಕಣ್ಣು ಮಿಟುಕಿಸಿದ್ದು

ಸುಳ್ಯದಲ್ಲಿ ಮೈಸೂರು ಬಸ್ಸು ಹಿಡಿದು ಅರಂತೋಡು ದಾಟುವಷ್ಟರಲ್ಲಿ ಕಂಡಕ್ಟರು ನಮ್ಮ ಸೀಟಿನ ಹತ್ತಿರ ಬಂದರು. ಇವಳು, ನನ್ನ ಹೆಂಡತಿ, ಗತ್ತಿನಿಂದ ಪರ್ಸು ತೆರೆದು ಆಧಾರ್ ಕಾರ್ಡು ಮುಂದೆ ಹಿಡಿದಳು. 2023ರ ಜೂನ್ 11ರಿಂದ ಕರ್ನಾಟಕದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಾಗಿಲ್ಲ ಎಂಬ ಸುದ್ದಿ ಕಾಸರಗೋಡಿನಲ್ಲಿ ಕೂತ ನಮಗೂ ತಲುಪಿತ್ತು. ಮುಂದಿನ ಸೀಟಿನ ಹೆಂಗಸಿಗೆ ಮಿಷನ್ನು ‘ಕಿರ್ರ್’ ಎಂದು ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟದ್ದನ್ನು ಕಣ್ಣಾರೆ ನೋಡಿದ್ದೆವು. ಕಂಡಕ್ಟರು ಕಾರ್ಡನ್ನು ತಿರುಗಿಸಿ ಓದಿ ಹೇಳಿದರು: “ಅಮ್ಮಾ, ಇದು ಕೇರಳ ಅಲ್ವಾ?”

“ಮಾತಾಡುವುದು ಕನ್ನಡವೇ ಅಲ್ವಾ?” ಎಂದಳು ಇವಳು.

“ಮಾತು ಕನ್ನಡವೇ ಅಮ್ಮಾ, ವಿಳಾಸ ಕೇರಳ. ಮಿಷನ್ನಿಗೆ ಮಾತು ಕೇಳ್ಸೋದಿಲ್ಲ.”

1956ರ ರಾಜ್ಯ ಪುನರ್ವಿಂಗಡಣೆಯನ್ನು ಇಷ್ಟು ಚುಟುಕಾಗಿ ಯಾರೂ ನನಗೆ ವಿವರಿಸಿದ್ದಿಲ್ಲ. ಎರಡು ಟಿಕೆಟ್ ತೆಗೆದುಕೊಂಡೆವು. ಮಡಿಕೇರಿಯ ಮಂಜು, ಕುಶಾಲನಗರದ ಬಿಸಿಲು, ಹುಣಸೂರಿನ ಹೊಗೆಸೊಪ್ಪಿನ ಹೊಲ ಎಲ್ಲ ಕಿಟಕಿಯಾಚೆ ಸರಿದುಹೋದವು. ಇವಳು ಹುಣಸೂರಿನವರೆಗೂ ಮಾತಾಡಲಿಲ್ಲ.

ನಾವು ಹೊರಟದ್ದು ಮೈಸೂರಿನ ರಾಜೀವನಗರಕ್ಕೆ. ನಾನು ಬದಿಯಡ್ಕದ ಕಡೆಯ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದಾಗ ನಾಲ್ಕನೇ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ಮದುವೆಯಾಗಿ ಅಲ್ಲಿಗೆ ಹೋಗಿ, ಈಗ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇಟ್ಟಿದ್ದಾಳೆ. “ಮಾಷ್ಟ್ರೇ, ದಸರಾ ನೋಡಿಲ್ಲ ಹೇಳ್ತಿದ್ರಲ್ಲ, ಬನ್ನಿ. ದಸರಾ ಮುಗಿದಿದೆ, ಆದ್ರೂ ಬನ್ನಿ” ಎಂದು ಫೋನಿನಲ್ಲಿ ಕರೆದಿದ್ದಳು. ನನಗೂ ಒಂದು ಕೆಲಸವಿತ್ತು. ಪಿಂಚಣಿ ಪಡೆಯುವವನು ವರ್ಷಕ್ಕೊಮ್ಮೆ ತಾನು ಸತ್ತಿಲ್ಲವೆಂದು ಸರ್ಕಾರಕ್ಕೆ ತೋರಿಸಿಕೊಡಬೇಕು. ನಮ್ಮಲ್ಲಿ ಅದಕ್ಕೆ ಮಸ್ಟರಿಂಗು ಎನ್ನುತ್ತಾರೆ. “ಅದನ್ನು ಇಲ್ಲಿಂದಲೇ ಮಾಡುವ” ಎಂದಿದ್ದಳು ಅವಳು. ಕೇರಳದ ಖಜಾನೆಗೆ ನಾನು ಬದುಕಿರುವುದನ್ನು ಮೈಸೂರಿನ ಗಲ್ಲಿಯಿಂದ ತೋರಿಸುವುದು! ಈ ವಿಚಿತ್ರಕ್ಕಾದರೂ ಹೋಗಬೇಕೆನಿಸಿತು.

ಮೈಸೂರಿನಲ್ಲಿ ಇಳಿದವರು ಮೊದಲು ನಡೆದದ್ದು ದೊಡ್ಡ ಗಡಿಯಾರದ ಕಡೆಗೆ. ಅರಮನೆ ಎಲ್ಲಿಗೂ ಓಡಿಹೋಗುವುದಿಲ್ಲ, ಆದರೆ ಈ ಗೋಪುರದ ಬಗ್ಗೆ ನಾನು ಮಕ್ಕಳಿಗೆ ಪಾಠ ಹೇಳಿದ್ದೇ ಹೊರತು ಕಂಡಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ತುಂಬಿದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ್ದು. 75 ಅಡಿ ಎತ್ತರ. ಕತ್ತು ಎತ್ತಿ ನೋಡುತ್ತೇನೆ: ಮುಳ್ಳುಗಳ ಸುತ್ತ ೧, ೨, ೩ ಎಂದು ಅಚ್ಚ ಕನ್ನಡದ ಅಂಕಿಗಳು! ವಿಲಾಯತಿ ಯಂತ್ರವೊಂದಕ್ಕೆ ಕನ್ನಡದ ಮಗ್ಗಿ ಬಾಯಿಪಾಠ ಮಾಡಿಸಿ ಊರ ನಡುವೆ ನಿಲ್ಲಿಸಿದ್ದಾರೆ. ಪಕ್ಕದಲ್ಲೇ ಪುರಭವನ, ರಂಗಾಚಾರ್ಲು ಅವರ ಹೆಸರಿನದು. 1881ರ ಅಕ್ಟೋಬರ್ 7ರಂದು 144 ಜನರನ್ನು ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆ ಆರಂಭಿಸಿದ ದಿವಾನರು ಅವರು. ಮುಂದೆ ವರ್ಷಕ್ಕೊಮ್ಮೆ ದಸರೆಗೆ ಬಂದವರು ಆನೆಯನ್ನೂ ನೋಡಿ, ಸರ್ಕಾರದ ಲೆಕ್ಕವನ್ನೂ ಕೇಳಿ, ತಮ್ಮ ಊರಿನ ದೂರನ್ನೂ ಒಪ್ಪಿಸಿ ಹೋಗುತ್ತಿದ್ದರು. ಆಗ ಅರ್ಜಿಯ ಹಾದಿ ಅದಾಗಿತ್ತು. ಈಗಿನ ಹಾದಿ ನೋಡಲು ಆಟೋ ಹತ್ತಿದೆವು.

ಅಶೋಕ ರಸ್ತೆ, ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರ, ಉದಯಗಿರಿ. ನೋಡನೋಡುತ್ತ ಪ್ರವಾಸಿಗರ ಮೈಸೂರು ಹಿಂದೆ ಉಳಿದು, ಇನ್ನೊಂದು ಮೈಸೂರು ಶುರುವಾಗುತ್ತದೆ. ರಾಜೀವನಗರದ ಅಡ್ಡರಸ್ತೆಗಳಲ್ಲಿ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ನಮ್ಮೂರಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೆ ಕೇಳಿಸದಷ್ಟು ಅಡಿಕೆ ತೋಟ ನಡುವೆ ಇರುತ್ತದೆ. ಇಲ್ಲಿ ಒಂದು ಮನೆಯ ಒಗ್ಗರಣೆಗೆ ಪಕ್ಕದ ಮನೆಯಲ್ಲಿ ಸೀನುತ್ತಾರೆ. ಕನ್ನಡದ ಬೋರ್ಡಿನ ಕೆಳಗೆ ಉರ್ದು, ಉರ್ದುವಿನ ಕೆಳಗೆ ಇಂಗ್ಲಿಷು. ಬೇಕರಿಯಿಂದ ದಿಲ್‌ಪಸಂದಿನ ವಾಸನೆ. ಆಮೇಲೆ ಎಣಿಸತೊಡಗುತ್ತೇನೆ: ‘ಇಲ್ಲಿ ರೇಷನ್ ಕಾರ್ಡ್ ತಿದ್ದುಪಡಿ’, ‘ಜಾತಿ-ಆದಾಯ’, ‘ಇ-ಖಾತೆ’, ‘ಪಾಸ್‌ಪೋರ್ಟ್’, ‘ಸ್ಕಾಲರ್‌ಶಿಪ್’, ‘ಜೆರಾಕ್ಸ್’. ಒಂದೇ ರಸ್ತೆಯಲ್ಲಿ ಐದಂಗಡಿ! ನಮ್ಮ ಕಡೆ ಕವಲುದಾರಿಗೊಂದು ಗೂಡಂಗಡಿ ಇರುವ ಹಾಗೆ ಇಲ್ಲಿ ಸರ್ಕಾರದ ಬಾಗಿಲುಗಳು.

ಶಿಷ್ಯೆಯ ಅಂಗಡಿ ಎಂಟಡಿ ಅಗಲ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಸಾಬೂನಿನ ತುಂಡಿನಷ್ಟಿರುವ ಹೆಬ್ಬೆಟ್ಟಿನ ಯಂತ್ರ, ಬೆನ್ನ ಹಿಂದೆ ನೀಲಿ ಪರದೆ. ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಯುವುದಕ್ಕಂತೆ. ನನ್ನನ್ನು ಒಳಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, “ಮಾಷ್ಟ್ರೇ, ಹತ್ತೇ ನಿಮಿಷ, ಇವರದ್ದು ಮುಗಿಸಿ ನಿಮ್ಮದು” ಎಂದಳು. ಆ ಹತ್ತು ನಿಮಿಷ ಸಂಜೆಯವರೆಗೂ ಎಳೆಯಿತು. ಒಳ್ಳೆಯದೇ ಆಯಿತು. ಅಂಬಾರಿ ನೋಡಲು ಬಂದವರು ಬಾಡಿಗೆ ಕೊಟ್ಟು ಕೂರುವಂಥ ಜಾಗ ನನಗೆ ಪುಕ್ಕಟೆ ಸಿಕ್ಕಿತ್ತು.

ನನಗೆ ಮೊದಲು ಬೆರಗು ಹುಟ್ಟಿಸಿದ್ದು ಪರದೆಯ ಮೇಲಿನ ಕನ್ನಡ. ‘ಅರ್ಜಿದಾರರ ಹೆಸರು’, ‘ತಂದೆಯ ಹೆಸರು’, ‘ಹೋಬಳಿ’. ಇದರಲ್ಲೇನಿದೆ ಎಂದು ಮೈಸೂರಿನವರು ಕೇಳಬಹುದು. ನಮ್ಮ ಪಾಲಿಗೆ ಇದು ಮದುವೆ ಮನೆಯಲ್ಲಿ ತನ್ನ ಹೆಸರು ಹಿಡಿದು ಕರೆದಂತೆ. ಕೇರಳವೂ ಕಡಿಮೆಯದಲ್ಲ. 2002ರಲ್ಲೇ ಮಲಪ್ಪುರಂ ಜಿಲ್ಲೆಯಲ್ಲಿ ಅಕ್ಷಯ ಕೇಂದ್ರಗಳು ಶುರುವಾಗಿ ಕಂಪ್ಯೂಟರನ್ನು ಹಳ್ಳಿಯ ಹೊಸ್ತಿಲಿಗೆ ತಂದವು. 2025ರ ಆಗಸ್ಟಿನಲ್ಲಿ ನಮ್ಮದು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದೂ ಘೋಷಣೆಯಾಯಿತು. ಭಾಷಾ ಅಲ್ಪಸಂಖ್ಯಾತರು ಕನ್ನಡದಲ್ಲೇ ಸರ್ಕಾರಕ್ಕೆ ಬರೆಯಬಹುದು ಎಂದು 1969ರ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಕಾಗದದಲ್ಲಿ ಬರೆಯಬಹುದು, ಸರಿ. ಆದರೆ ಪರದೆಯ ಮೇಲೆ ಮಲಯಾಳವೋ ಇಂಗ್ಲಿಷೋ ಇದ್ದರೆ ಕನ್ನಡ ಬರೆಯುವುದೆಲ್ಲಿ? ಗಾಜಿನ ಮೇಲೆಯೇ? ನಮ್ಮೂರ ಹಿರಿಯರು ಅಕ್ಷಯ ಕೇಂದ್ರದ ಹುಡುಗನ ಮುಖ ನೋಡಿ ತಮ್ಮ ಅರ್ಜಿಯಲ್ಲಿ ಏನಿದೆಯೆಂದು ಊಹಿಸುತ್ತಾರೆ.

ಶಿಷ್ಯೆಯ ಬೆರಳುಗಳನ್ನು ನೋಡುತ್ತ ಕೂತೆ. ಮ ಒತ್ತಿದಳು, ಎಫ್ ಒತ್ತಿದಳು, ಮತ್ತೆ ಮ ಒತ್ತಿದಳು. ಪರದೆಯಲ್ಲಿ ‘ಮ್ಮ’ ಮೂಡಿತು. ಒತ್ತಕ್ಷರಕ್ಕೆ ಎಫ್! ಈ ಕೀಲಿಮಣೆಯ ವಿನ್ಯಾಸ ನಮ್ಮ ಕರಾವಳಿಯವರೇ ಆದ ಕೆ. ಪಿ. ರಾವ್ ಅವರದು, ಕಿನ್ನಿಕಂಬಳದ ಪದ್ಮನಾಭ ರಾಯರದು. ನುಡಿ ತಂತ್ರಾಂಶದ ಬೆನ್ನೆಲುಬೂ ಅದೇ. ಒತ್ತು ಬಿಟ್ಟರೆ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದ ನಾನು, ಆ ಗೆಣ್ಣುಗಳು ನೋಡದೆಯೇ ಒತ್ತು ಹಾಕುವುದನ್ನು ನೋಡುತ್ತಿದ್ದೇನೆ.

ಟಿ. ನರಸೀಪುರದಲ್ಲಿ ತುಂಡು ಜಮೀನಿರುವ ಒಬ್ಬರು ಬಂದು ಪಹಣಿ ಕೇಳಿದರು. ಸರ್ವೆ ನಂಬರು ಹೇಳಿದರು, ಪ್ರಿಂಟರು ಕೆಮ್ಮಿತು, ಪಹಣಿ ಹೊರಬಂತು. ಅವರು ಚಿಲ್ಲರೆ ಎಣಿಸಿದಷ್ಟು ಹೊತ್ತೂ ಹಿಡಿಯಲಿಲ್ಲ. ಪುತ್ತೂರಿನ ನನ್ನ ದೊಡ್ಡಪ್ಪನ ಮಗ ತನ್ನ ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಮೂರು ವಾರ ತಿರುಗಿದ ಕಥೆ ನನಗೆ ಗೊತ್ತು. ಅವರು ಇದ್ದಾಗ ಪುಸ್ತಕ ಇರುತ್ತಿರಲಿಲ್ಲ, ಪುಸ್ತಕ ಇದ್ದಾಗ ಅವರು ಇರುತ್ತಿರಲಿಲ್ಲ. ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿತು. ರಾಜೀವ್ ಚಾವ್ಲಾ ಎಂಬ ಅಧಿಕಾರಿ ಮುಂದೆ ನಿಂತು ಮಾಡಿಸಿದ್ದು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಸಿಗುತ್ತಿತ್ತು. ನನಗೆ ಇದರಲ್ಲಿ ಜಾಣತನ ಕಂಡದ್ದು ಬೇರೆ ಕಡೆ. ಒಂದು ತಾಲ್ಲೂಕಿನಲ್ಲಿ ಕಂಪ್ಯೂಟರು ಶುರುವಾದ ಕೂಡಲೇ ಅಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಸಾರಿಬಿಟ್ಟರು. ಹಳೆಯ ಬಾಗಿಲನ್ನು ತೆರೆದೇ ಇಟ್ಟಿದ್ದರೆ ಹೊಸ ಬಾಗಿಲಿಗೆ ಯಾರು ಬರುತ್ತಿದ್ದರು?

ಇನ್ನೊಂದು ಬೆರಗು, ಅರ್ಜಿಗೆ ಕೊಡುವ ಚೀಟಿಗಳ ಮೇಲಿನ ಹದಿನೈದು ಅಂಕಿಗಳ ಸಕಾಲ ಸಂಖ್ಯೆ. ದೆವ್ವ ಬಾಗಿಲು ತಟ್ಟದಿರಲೆಂದು ಹಳ್ಳಿಗಳಲ್ಲಿ ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಕಚೇರಿಗಳಲ್ಲಿ ಅದನ್ನು ಬರೆಯದೆಯೇ ಎಲ್ಲರೂ ಓದಿಕೊಳ್ಳುತ್ತಿದ್ದೆವು. ನಾಳೆ ಎಂದರೆ ಯಾವ ನಾಳೆ ಎಂಬುದಕ್ಕೆ 2012ರ ಏಪ್ರಿಲ್ 2ರಿಂದ ಕರ್ನಾಟಕದಲ್ಲಿ ಈ ಸಕಾಲದ ಮೂಲಕ ತಾರೀಖು ಹಾಕಿದರು. ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರನಿಗೆ ಪರಿಹಾರ. “ಯಾರಾದರೂ ಈ ದುಡ್ಡು ತೆಗೆದುಕೊಂಡದ್ದು ನೋಡಿದ್ದೀಯಾ?” ಎಂದೆ. “ಇಪ್ಪತ್ತು ರೂಪಾಯಿ ಕೇಳ್ಲಿಕ್ಕೆ ಇನ್ನೊಂದು ಅರ್ಜಿ ಹಾಕ್ಬೇಕಲ್ಲ ಮಾಷ್ಟ್ರೇ” ಎಂದು ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ಬುರ್ಖಾದ ಅಜ್ಜಿಯೊಬ್ಬರು ಬಂದರು. ಗೃಹಲಕ್ಷ್ಮಿಯ ದುಡ್ಡು ಮೂರು ಕಂತು ಬಂದಿಲ್ಲವಂತೆ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಆ ಯೋಜನೆ ಉದ್ಘಾಟನೆಯಾದದ್ದು ಇದೇ ಊರಿನ ಮಹಾರಾಜ ಕಾಲೇಜು ಮೈದಾನದಲ್ಲಿ, 2023ರ ಆಗಸ್ಟ್ 30ರಂದು. ಅಜ್ಜಿ ಮೈದಾನಕ್ಕೂ ಹೋಗಿದ್ದರಂತೆ. “ಅಷ್ಟ್ ದೂರ ಹೋಗಿ ಚಪ್ಪಾಳೆ ತಟ್ಟಿದ್ದೀನಿ ಬೇಟಿ, ನಂಗೇ ಬರ್ಲಿಲ್ಲ ಅಂದ್ರೆ!”

ಶಿಷ್ಯೆ ಅಜ್ಜಿಯ ಫೋನಿಗೆ ಓಟಿಪಿ ತರಿಸಿ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ತೆಗೆದಳು. ಇಲ್ಲಿನ ಮರ್ಮ ಹೀಗೆ: ಸರ್ಕಾರ ದುಡ್ಡು ಹಾಕುವುದು ಖಾತೆಯ ನಂಬರಿಗಲ್ಲ, ಆಧಾರ್ ನಂಬರಿಗೆ. ಆ ಆಧಾರ್ ಕೊನೆಯ ಬಾರಿ ಯಾವ ಬ್ಯಾಂಕಿಗೆ ಲಿಂಕ್ ಆಗಿದೆಯೋ ಅಲ್ಲಿಗೆ ದುಡ್ಡು ಹೋಗಿ ಬೀಳುತ್ತದೆ. ಅಜ್ಜಿ ಕೈಯಲ್ಲಿ ಹಿಡಿದಿದ್ದು ಒಂದು ಬ್ಯಾಂಕಿನ ಪಾಸ್‌ಬುಕ್ಕು, ಪರದೆಯಲ್ಲಿ ಬಂದದ್ದು ಇನ್ನೊಂದು ಬ್ಯಾಂಕಿನ ಹೆಸರು. “ಖಾಲಾ, ಈ ಬ್ಯಾಂಕಲ್ಲಿ ನಿಮ್ದು ಖಾತೆ ಉಂಟಾ?” ಅಜ್ಜಿ ಯೋಚಿಸಿದರು. ಮೊಮ್ಮಗನ ಜೊತೆ ಹೋಗಿ ಯಾವಾಗಲೋ ಒಂದು ಫಾರಂಗೆ ಹೆಬ್ಬೆಟ್ಟು ಒತ್ತಿದ್ದು ನೆನಪಾಯಿತು. ಆರು ಸಾವಿರ ರೂಪಾಯಿ ಅಲ್ಲಿ ತಣ್ಣಗೆ ಮಲಗಿತ್ತು! ಅಜ್ಜಿಯ ಮುಖ ನೋಡಬೇಕಿತ್ತು, ಹಿತ್ತಿಲು ಅಗೆಯುವಾಗ ಕೊಪ್ಪರಿಗೆ ಸಿಕ್ಕಿದವರ ಹಾಗೆ.

ಆದರೆ ಅಜ್ಜಿಗೆ ಬೇಕಾಗಿದ್ದ ಇನ್ನೊಂದು ಕೆಲಸಕ್ಕೆ ಹೆಬ್ಬೆಟ್ಟು ಬೇಕಿತ್ತು. ಸಾಬೂನಿನ ತುಂಡಿನ ಮೇಲೆ ಬೆರಳಿಟ್ಟರು. ಕೆಂಪು. ಸೆರಗಿಗೆ ಒರೆಸಿ ಇಟ್ಟರು. ಕೆಂಪು. ಇನ್ನೊಂದು ಬೆರಳು, ಮತ್ತೊಂದು ಬೆರಳು. ನಾಲ್ಕು ದಶಕ ಅಗರಬತ್ತಿ ಹೊಸೆದ ಕೈ ಅದು. ಮಣೆಯ ಮೇಲೆ ಬಿದಿರ ಕಡ್ಡಿಗೆ ಕರಿ ಮಸಾಲೆ ಸುತ್ತಿ ಸುತ್ತಿ ಗೆರೆಗಳೇ ಸವೆದುಹೋಗಿವೆ. ಮೈಸೂರು ಅಗರಬತ್ತಿ ಜಿಐ ಗುರುತು ಪಡೆದು ಪ್ರಪಂಚದಲ್ಲೆಲ್ಲ ತನ್ನ ಗುರುತು ಹೇಳಿಕೊಳ್ಳುತ್ತದೆ, ಹೊಸೆದ ಬೆರಳಿಗೆ ಗುರುತಿಲ್ಲ. ಶಿಷ್ಯೆ ಡ್ರಾಯರಿನಿಂದ ಒದ್ದೆ ಹತ್ತಿ ತೆಗೆದಳು. ಬೆರಳು ತೊಳೆದು, ಉಜ್ಜಿ, ತನ್ನ ಕೈಯಿಂದಲೇ ಒತ್ತಿ ಹಿಡಿದಳು. ಏಳನೆಯ ಸಲಕ್ಕೆ ಹಸಿರು. ಅಂಗಡಿಯಲ್ಲಿದ್ದವರೆಲ್ಲ ‘ಹಾಂ!’ ಎಂದರು.

ಅಷ್ಟರಲ್ಲಿ ಇಂಟರ್‌ನೆಟ್ಟು ಹೋಯಿತು. ಮಸೀದಿಯ ಅಜಾನ್ ಕೇಳಿಸಿತು, ಚಹಾ ಬಂತು. ಎಸ್ಟೋನಿಯ ಎಂಬ ದೇಶದ ಬಗ್ಗೆ ಓದಿದ್ದು ನೆನಪಾಗಿ ಅಲ್ಲಿದ್ದವರಿಗೆ ಹೇಳಿದೆ. ಇಡೀ ದೇಶದ ಜನಸಂಖ್ಯೆ ಹೆಚ್ಚುಕಡಿಮೆ ನಮ್ಮ ಕಾಸರಗೋಡು ಜಿಲ್ಲೆಯಷ್ಟು, ಹದಿಮೂರು ಲಕ್ಷದ ಮೇಲೆ ಸ್ವಲ್ಪ. 2001ರಿಂದಲೇ ಅಲ್ಲಿನ ಇಲಾಖೆಗಳ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುತ್ತವೆ. ಒಮ್ಮೆ ಕೊಟ್ಟ ಮಾಹಿತಿಯನ್ನು ಸರ್ಕಾರ ಮತ್ತೆ ಕೇಳುವಂತಿಲ್ಲ ಎಂಬುದು ಅವರ ನಿಯಮ. ಕೊನೆಗೆ ಉಳಿದಿದ್ದ ವಿಚ್ಛೇದನವೂ 2024ರ ಡಿಸೆಂಬರಿನಲ್ಲಿ ಆನ್‌ಲೈನ್ ಆಯಿತು.

“ಅಯ್ಯೋ ಸಾರ್, ನಮಗೆ ಅದೆಲ್ಲ ಬ್ಯಾಡ” ಎಂದರು ಸಾಲಿನಲ್ಲಿದ್ದವರೊಬ್ಬರು. “ಜೆರಾಕ್ಸ್ ಒಂದು ಕೇಳ್ದೆ ಇದ್ರೆ ಸಾಕು.”

ಜೆರಾಕ್ಸಿನ ಕಟ್ಟು ಹಿಡಿದು ಕೂತಿದ್ದ ಹುಡುಗನ ಸಮಸ್ಯೆ ನನ್ನನ್ನು ಹೆಚ್ಚು ಕಾಡಿತು. ಪಿಯುಸಿ ಓದುತ್ತಾನೆ, ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಬೇಕು. ಜಾತಿ-ಆದಾಯ ಪ್ರಮಾಣಪತ್ರದ ಕಾಗದ ಬೇಡ, ಅದರ ಆರ್‌ಡಿ ನಂಬರು ಕೊಟ್ಟರೆ ಸಾಕು. ಕಂಪ್ಯೂಟರು ತಾನೇ ಹೋಗಿ ನೋಡಿಕೊಂಡು ಬರುತ್ತದೆ. ಎಸ್ಟೋನಿಯದ ಒಂದು ತುಣುಕು ರಾಜೀವನಗರಕ್ಕೂ ಬಂದಿದೆ ಎನ್ನಿ. ಆದರೆ ಹುಡುಗ ಒಬ್ಬನೇ, ಹೆಸರು ನಾಲ್ಕು. ಶಾಲೆಯ ದಾಖಲೆಯಲ್ಲಿ ‘ಮಹಮದ್’, ಆಧಾರಿನಲ್ಲಿ ‘ಮೊಹಮ್ಮದ್’, ರೇಷನ್ ಕಾರ್ಡಿನಲ್ಲಿ ‘ಮಹಮ್ಮದ್’, ಬ್ಯಾಂಕಿನಲ್ಲಿ ಬರಿಯ ‘ಎಂಡಿ’. ಅರಬ್ಬಿಯ ಹೆಸರು ಉರ್ದುವಿನಲ್ಲಿ ಕೂಗಿಸಿಕೊಂಡು, ಕನ್ನಡದಲ್ಲಿ ಬರೆಸಿಕೊಂಡು, ಇಂಗ್ಲಿಷಿನಲ್ಲಿ ಟೈಪಾಗುವಾಗ ಮೈಮೇಲೆ ಅಷ್ಟಾದರೂ ಧೂಳು ಕೂರದೇ? ಹಿಂದಿನ ಗುಮಾಸ್ತ ಕನ್ನಡಕ ಏರಿಸಿ ಹುಡುಗನ ಮುಖ ನೋಡಿ, “ನಿಮ್ಮಪ್ಪ ಇವನೇನೋ? ಸರಿ ಹೋಗು” ಎನ್ನುತ್ತಿದ್ದ. ಯಂತ್ರಕ್ಕೆ ಮುಖದಾಕ್ಷಿಣ್ಯವಿಲ್ಲ. ಲಂಚ ಕೇಳುವುದಿಲ್ಲ, ನಿಜ. ಒಂದು ಒತ್ತನ್ನೂ ಬಿಡುವುದಿಲ್ಲ.

“ಶಾಲೆಯಲ್ಲಿ ಹೆಸರು ಬರೆದವರು ಸ್ವಲ್ಪ ಗಮನ ಕೊಡಬಾರದಿತ್ತೇ?” ಎಂದೆ.

ಶಿಷ್ಯೆ ಟೈಪು ಮಾಡುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. “ಮಾಷ್ಟ್ರೇ, ನೀವು ಬೇಜಾರು ಮಾಡ್ಕೊಳ್ಬಾರ್ದು. ನನ್ನ ಹೆಸರಿನ ಕೊನೆಗೆ ದೀರ್ಘ ಉಂಟಲ್ಲ? ಅಡ್ಮಿಶನ್ ರಿಜಿಸ್ಟರಿನಲ್ಲಿ ನೀವು ಹಾಕ್ಲಿಲ್ಲ.”

ಎಂಟಡಿಯ ಅಂಗಡಿ ನಾಲ್ಕಡಿಯಾಯಿತು. ಆ ರಿಜಿಸ್ಟರು ಕಣ್ಣ ಮುಂದೆ ಬಂತು: ಕೆಂಪು ಬಟ್ಟೆಯ ಬೈಂಡು, ಜೂನ್ ತಿಂಗಳ ಮಳೆಗೆ ಉಬ್ಬಿದ ಹಾಳೆ, ಬಾಗಿಲಲ್ಲಿ ಕೊಡೆ ಮಡಚುತ್ತ ನಿಂತ ತಂದೆ, ಅವರು ಹೇಳಿದ ಹೆಸರನ್ನು ಮಳೆಯ ಸದ್ದಿನಲ್ಲಿ ಕೇಳಿಸಿದ ಹಾಗೆ ಬರೆಯುವ ನಾನು. ಆ ದೀರ್ಘದ ಬೆನ್ನು ಹತ್ತಿ ಅವಳು ಮದುವೆಯಾದ ಮೇಲೆ ಅಫಿಡವಿಟ್ ಮಾಡಿಸಿದ್ದಾಳೆ, ಪೇಪರಿನಲ್ಲಿ ಪ್ರಕಟಣೆ ಕೊಟ್ಟಿದ್ದಾಳೆ, ಎರಡು ರಾಜ್ಯಗಳ ನಡುವೆ ಕಾಗದ ಓಡಾಡಿಸಿದ್ದಾಳೆ. ಎರಡು ವರ್ಷ.

“ಛೆ, ಮುಖ ಸಣ್ಣದು ಮಾಡ್ಬೇಡಿ” ಎಂದಳು. “ಆ ಓಡಾಟದಲ್ಲೇ ನಾನು ಈ ಕೆಲಸ ಕಲಿತದ್ದು. ಯಾವ ಫಾರಂ ಎಲ್ಲಿ, ಯಾವ ಸಹಿ ಯಾರದು, ಎಲ್ಲ. ಅಕ್ಕಪಕ್ಕದವರು ಕೇಳ್ಲಿಕ್ಕೆ ಶುರು ಮಾಡಿದ್ರು, ಅಂಗಡಿ ಹಾಕಿದೆ.” ಪಿಯುಸಿ ಹುಡುಗ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದ, ಅವನ ಒತ್ತನ್ನೂ ನಾನೇ ನುಂಗಿದೆ ಎಂಬಂತೆ.

ನನ್ನ ಸರದಿ ಬಂದಾಗ ಸಂಜೆ ಐದೂವರೆ. ಮಸ್ಟರಿಂಗನ್ನು ಹೀಗೆ ಆನ್‌ಲೈನಿನಲ್ಲಿ ಮಾಡುವ ಜೀವನ ಪ್ರಮಾಣ ಎಂಬ ವ್ಯವಸ್ಥೆ ಶುರುವಾದದ್ದು 2014ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಖಜಾನೆಯ ಬೆಂಚಿನಲ್ಲಿ ಮುದುಕರೆಲ್ಲ ಸಾಲಾಗಿ ಕೂತು, ಯಾರು ಬಂದಿಲ್ಲ ಎಂದು ನೋಡಿ ನಿಟ್ಟುಸಿರು ಬಿಡುತ್ತಿದ್ದೆವು. ಅದೊಂದು ಸಮ್ಮೇಳನವೇ ಆಗಿತ್ತು. ಓಟಿಪಿ ಹೋದದ್ದು ಇವಳ ಫೋನಿಗೆ. ನಾನು ಎಲ್ಲ ಕಡೆ ಕೊಟ್ಟದ್ದು ಅದೇ ನಂಬರು. ಇವಳು ಶಿಷ್ಯೆಯ ಅತ್ತೆಯ ಜೊತೆ ಸೀರೆ ಅಂಗಡಿಯಲ್ಲಿ. ಕರೆ ಮಾಡಿದರೆ, “ಓಟಿಪಿ ಯಾರಿಗೂ ಹೇಳ್ಬಾರದು ಅಂತ ಇದರಲ್ಲೇ ಬರೆದಿದ್ದಾರೆ” ಎಂದಳು. ಸಂಪೂರ್ಣ ಡಿಜಿಟಲ್ ಸಾಕ್ಷರರು ನಾವು! ನಾನು ಗಂಡನೇ ಎಂದು ಒಪ್ಪಿಸಿ ಅಂಕಿ ಹೇಳಿಸುವಷ್ಟರಲ್ಲಿ ಅದರ ಅವಧಿ ಮುಗಿಯಿತು. ಎರಡನೇ ಸಲ ತರಿಸಿದೆವು.

ಹೆಬ್ಬೆಟ್ಟು ಇಟ್ಟೆ. ಕೆಂಪು. ಅಗರಬತ್ತಿಯಲ್ಲ, ನನ್ನದು ಅಡಿಕೆ. ನಿವೃತ್ತಿಯ ನಂತರ ಸುಲಿದ ಅಡಿಕೆ ಎಷ್ಟೋ. ಒದ್ದೆ ಹತ್ತಿಯೂ ಸೋತಿತು. “ಮುಖದಲ್ಲಿ ಮಾಡುವ” ಎಂದು ಶಿಷ್ಯೆ ಫೋನು ನನ್ನ ಮುಂದೆ ಹಿಡಿದಳು. ಪರದೆಯ ಉರುಟು ಚೌಕಟ್ಟಿನೊಳಗೆ ನನ್ನ ಮುಖ. “ಕನ್ನಡಕ ತೆಗೀರಿ. ನೇರ ನೋಡಿ. ಈಗ ಕಣ್ಣು ಮಿಟುಕಿಸಿ.”

“ಏನು?”

“ಕಣ್ಣು ಮಿಟುಕಿಸಿ ಮಾಷ್ಟ್ರೇ. ಫೋಟೊ ಹಿಡಿದು ಯಾರೂ ಮೋಸ ಮಾಡ್ಬಾರದಲ್ಲ? ಜೀವ ಇರುವವರು ಮಾತ್ರ ಮಿಟುಕಿಸುವುದು.”

ಮೂವತ್ತು ವರ್ಷ ಕ್ಲಾಸಿನಲ್ಲಿ ಕಣ್ಣು ಕೆಂಪಗೆ ಮಾಡಿದ ಮೇಷ್ಟರು, ಶಿಷ್ಯೆಯ ಮುಂದೆ ಕೂತು ಕಣ್ಣು ಮಿಟುಕಿಸುತ್ತಿದ್ದೇನೆ. ಒಮ್ಮೆ. ಸಾಲದು. ಇನ್ನೊಮ್ಮೆ, ನಿಧಾನವಾಗಿ. ಚಹಾ ತಂದ ಹುಡುಗ ನಕ್ಕ, ನನಗೂ ನಗು ಬಂತು, ನಕ್ಕರೆ ಯಂತ್ರ ಒಪ್ಪುವುದಿಲ್ಲ. ಮೂರನೆಯ ಸಲ ಚೌಕಟ್ಟು ಹಸಿರಾಯಿತು.

ಮರುದಿನ ಅರಮನೆ ನೋಡಿದೆವು, ಬೆಟ್ಟಕ್ಕೆ ಹೋದೆವು. ಅವುಗಳ ಬಗ್ಗೆ ಬಹಳ ಜನ ಬರೆದಿದ್ದಾರೆ. ಹೊರಡುವಾಗ ಶಿಷ್ಯೆ ಒಂದು ಪೊಟ್ಟಣ ಅಗರಬತ್ತಿ ಕೊಟ್ಟಳು. ವಾಪಸು ಬಸ್ಸಿನಲ್ಲಿ ಕಂಡಕ್ಟರು ಹತ್ತಿರ ಬರುವ ಮೊದಲೇ ಇವಳು, “ಕೇರಳ, ಎರಡು ಸುಳ್ಯ” ಎಂದು ದುಡ್ಡು ಎಣಿಸಿ ಹಿಡಿದಿದ್ದಳು. ಸಂಪಾಜೆ ಘಾಟಿ ಇಳಿಯುವಾಗ ಕತ್ತಲಾಗಿತ್ತು. ಇವಳ ಫೋನು ಟಣ್ಣೆಂದಿತು. ಇಂಗ್ಲಿಷಿನಲ್ಲಿತ್ತು, ನನ್ನ ಕೈಗೆ ಕೊಟ್ಟಳು. ಕನ್ನಡಕ ಹುಡುಕಿ ಓದಿದೆ: ಪ್ರಮಾಣಪತ್ರ ಸ್ವೀಕೃತವಾಗಿದೆ.

“ಏನಂತೆ?” ಎಂದಳು.

“ನಾನು ಬದುಕಿದ್ದೇನಂತೆ.”

“ಹಾಗಾದ್ರೆ ಆ ಕಿಟಕಿ ಹಾಕಿ. ಚಳಿ.”